ಜಯಮ್ಮನವರ ಪಾತ್ರಕ್ಕೆ ಹಾಡು ಬೇಡ ಎಂದೆ

ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಗಾಯಕ-ನಟಿ ಬಿ. ಜಯಮ್ಮನವರ ಬದುಕಿನ ಮೇಲೆ ಏಕವ್ಯಕ್ತಿ ನಾಟಕ ಮಾಡಿಸ್ತೀನಿ ಅಂದಾಗ ತಂಡದವರೆಲ್ಲ ಖುಷಿಪಟ್ಟರು. ನಡುವೆ ಎಂಟು ನಿಮಿಷ ನಟಿಗೆ ಮಾತೂ ಇಲ್ಲ, ಹಾಡೂ ಇಲ್ಲ ಅಂದೆ. ಮುಖ ಸಣ್ಣಗಾಯಿತು. "ಗುಬ್ಬಿ ಕಂಪನಿ ಅಂದ್ರೆ ಜನ ಬರೋದೇ ಹಾಡಿಗೆ ಗುರುವೇ" ಅಂದರು.

ನನಗೆ ಬೇಕಾಗಿದ್ದು ಅದೇ. ಜಯಮ್ಮ ಮೈಕಿಲ್ಲದ ಕಾಲದಲ್ಲಿ ರಂಗದ ಮೇಲೆ ಹಾಡಿ ಬೆಳೆದವರು. 1931ರಲ್ಲಿ ವೀರಣ್ಣನವರ ಜೊತೆ 'ಹಿಸ್ ಲವ್ ಅಫೇರ್' ಮೂಕಿಚಿತ್ರಕ್ಕೆ ನಿಂತರು. ಅಲ್ಲಿ ಕಂಠ ಯಾರಿಗೆ ಬೇಕು? ಕಣ್ಣು, ಕೈ, ಸೆರಗು ಅಷ್ಟೇ.

ಮೊದಲ ಷೋ ಕೆಟ್ಟಿತು. ಹಳೇ ಮೂಕಿಚಿತ್ರ ನೋಡಿ ನಮ್ಮ ಹುಡುಗಿಯನ್ನು ಗೊಂಬೆ ಥರ ಪಟಪಟ ಓಡಾಡಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಸೆಕೆಂಡಿಗೆ 16-18 ಫ್ರೇಮಿನಲ್ಲಿ ತೆಗೆದಿದ್ದನ್ನು 24ರಲ್ಲಿ ಓಡಿಸಿದರೆ ಹಾಗೆ ಕಾಣುತ್ತೆ, ನಟರು ಹಾಗೆ ಆಡುತ್ತಿರಲಿಲ್ಲ. ಇದು ಹೊಳೆಯೋಕೆ ಒಂದು ತಿಂಗಳು ಹೋಯಿತು. ಆಮೇಲೆ ತಾಲೀಮಿನಲ್ಲಿ ಎಲ್ಲ ನಿಧಾನ. ಕಾಗದ ಬಿಡಿಸಿ ಓದುವುದಕ್ಕೇ ಒಂದೂವರೆ ನಿಮಿಷ.

ಮೂಕಿಚಿತ್ರದಲ್ಲಿ ಮಾತಿನ ಬದಲು ಪರದೆ ಮೇಲೆ ಸಾಲುಗಳು ಬರುತ್ತವಲ್ಲ, ಅದನ್ನು ತೋರಿಸೋಕೆ ಎರಡನೇ ಷೋಗೆ ಪ್ರೊಜೆಕ್ಟರ್ ಬಾಡಿಗೆ ತಂದೆ. ನಾಲ್ಕೂವರೆ ಸಾವಿರ ದಂಡ, ಕರೆಂಟೇ ಹೋಯಿತು. ಮೂರನೇದಕ್ಕೆ ರಟ್ಟಿನ ಮೇಲೆ ಬರೆದ ಸಾಲುಗಳು. ಹಿಂದಿನವರಿಗೆ ಕಾಣಲಿಲ್ಲ, ಹುಡುಗ ಒಂದನ್ನು ತಲೆಕೆಳಗೆ ಹಿಡಿದ. ಕೊನೆಗೆ ಹಳೇ ಟೆಂಟ್ ಸಿನಿಮಾದ ದಾರಿಯೇ ಹಿಡಿದೆ. ಆಗ ಓದು ಬಾರದವರಿಗೆ ಪರದೆ ಪಕ್ಕ ಒಬ್ಬ ನಿಂತು ಕೂಗಿ ಹೇಳುತ್ತಿದ್ದನಲ್ಲ, ಹಾಗೇ ಸೈಡ್ ವಿಂಗಿನ ಹತ್ತಿರ ಒಬ್ಬರನ್ನು ನಿಲ್ಲಿಸಿದೆ. ಖರ್ಚು ಸೊನ್ನೆ!

ಹಳೇ ಸಿನಿಮಾ ಥರ ಬೆಳಕು ಮಿಣುಕುವುದಕ್ಕೆ ಲೈಟ್ ಮುಂದೆ ಪೆಡೆಸ್ಟಲ್ ಫ್ಯಾನ್ ಇಟ್ಟೆ. ಗಾಳಿಗೆ ಸೆರಗು ಹಾರಿ ಹುಡುಗಿ ನನ್ನನ್ನು ಚೆನ್ನಾಗಿ ಬೈದಳು. ಫ್ಯಾನ್ ತಿರುಗಿಸಿಟ್ಟು, ರೆಕ್ಕೆಗೆ ಒಂದು ಸಾಮಾನು ಅಂಟಿಸಿದ ಮೇಲೆ ಸರಿಹೋಯಿತು. ಏನು ಸಾಮಾನು ಅಂತ ಕೇಳಬೇಡಿ.

ನಾಲ್ಕನೇ ಷೋಗೆ ಸುಮಾರು ನೂರಿಪ್ಪತ್ತು ಜನ. ಎಂಟು ನಿಮಿಷದಲ್ಲಿ ಒಂದು ಕೆಮ್ಮೂ ಇಲ್ಲ. ಆಮೇಲೆ ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮೇಷ್ಟ್ರು ಶ್ರುತಿ ಹಿಡಿದರು, ಜಯಮ್ಮನವರ 1945ರ ಟಾಕಿ ಚಿತ್ರ 'ಹೇಮರೆಡ್ಡಿ ಮಲ್ಲಮ್ಮ'ದ ಕಾಲಕ್ಕೆ ಬಂದೆವು. ಹುಡುಗಿ ಬಾಯಿ ತೆರೆದು ಒಂದೇ ಒಂದು ಸ್ವರ ಎಳೆದಳು. ಮುಂದಿನ ಸಾಲಿನ ಅಜ್ಜಿಯೊಬ್ಬರು "ಅಬ್ಬ, ಬಂತು" ಅಂದರು. ಆ ಸ್ವರಕ್ಕೆ ಅಷ್ಟು ಬೆಲೆ ಬಂದದ್ದು ಆ ಎಂಟು ನಿಮಿಷದಿಂದ, ನಾನೇ ಹೇಳಿಕೊಳ್ಳಬೇಕು.



ಹಾಡಿಲ್ಲದೆ ನಡೆಯಲ್ಲ ಅಂದಿದ್ದವರೇ ಮೊನ್ನೆ ತಮ್ಮ ನಾಟಕಕ್ಕೆ ಫ್ಯಾನ್ ಕೇಳಿಕೊಂಡು ಬಂದರು. ಕೊಟ್ಟೆ. ರೆಕ್ಕೆಗೆ ಅಂಟಿಸಿದ್ದನ್ನು ಮಾತ್ರ ಕಿತ್ತಿಟ್ಟುಕೊಂಡೆ.