ಎರಡು ವಿಮಾನ ನಿಲ್ದಾಣಗಳ ನಡುವೆ: ದೂರ, ಸಮಯ ನಾನು ಲೆಕ್ಕ ಹಾಕುವ ಬಗೆ

ನಿಲ್ದಾಣದಿಂದ ನಿಲ್ದಾಣಕ್ಕೆ ಎಷ್ಟು ದೂರ ಅನ್ನೋದನ್ನು ನಾನು ಸ್ಪ್ರೆಡ್‌ಶೀಟ್‌ನಲ್ಲೇ ಲೆಕ್ಕ ಹಾಕುತ್ತೇನೆ. ಹುಡುಕಿದರೆ ಉತ್ತರ ಸಿಗುತ್ತದೆ ನಿಜ. ಆದರೆ ಆ ಸಂಖ್ಯೆ ಹೇಗೆ ಬಂತು ಅಂತ ಗೊತ್ತಿದ್ದರೆ ಅದನ್ನು ಎಷ್ಟು ನಂಬಬೇಕು ಅನ್ನೋದೂ ತಿಳಿಯುತ್ತದೆ.

ಬೇಕಾಗಿರುವುದು ಅಕ್ಷಾಂಶ, ರೇಖಾಂಶ ಅಷ್ಟೇ. ಲಂಡನ್‌ನ ಹೀಥ್ರೂ 51.47 ಉತ್ತರ, 0.45 ಪಶ್ಚಿಮ. ನ್ಯೂಯಾರ್ಕ್‌ನ ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮ. ಪಶ್ಚಿಮಕ್ಕೂ ದಕ್ಷಿಣಕ್ಕೂ ಮೈನಸ್ ಹಾಕಬೇಕು. ಡಿಗ್ರಿಯನ್ನು ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ) ಬದಲಿಸಿ ಹ್ಯಾವರ್‌ಸೈನ್ ಸೂತ್ರಕ್ಕೆ, ಅಂದರೆ ಗೋಳದ ಮೇಲಿನ ಎರಡು ಜಾಗಗಳ ನಡುವಿನ ಕೋನ ಹೇಳುವ ಸೂತ್ರಕ್ಕೆ, ಕೊಡುತ್ತೇನೆ. ಬಂದ ಕೋನವನ್ನು ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿದರೆ ಸುಮಾರು 5,540 ಕಿ.ಮೀ. ಸಿಗುತ್ತದೆ. ಭೂಮಿ ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ, ಹಾಗಾಗಿ ಚೂರುಪಾರು ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆದರೆ ಮಾತ್ರ ಲೆಕ್ಕ ಪೂರ್ತಿ ಕೆಡುತ್ತದೆ. ನಿಜವಾದ ಹತ್ತಿರದ ದಾರಿ ಅಲ್ಲಿ ಉತ್ತರಕ್ಕೆ ಬಾಗಿದಂತೆ ಕಾಣುತ್ತದೆ.

ಇಲ್ಲಿವರೆಗೆ ಸುಲಭ. ಸಮಯದ್ದೇ ಕಿರಿಕಿರಿ.

ಜೆಟ್ ವಿಮಾನಕ್ಕೆ ಗಂಟೆಗೆ 850 ಕಿ.ಮೀ. ಅಂತ ಹಿಡಿದರೆ ಈ ದೂರಕ್ಕೆ ಆರೂವರೆ ಗಂಟೆ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಅಂತ ಅರ್ಧ ಗಂಟೆ ಸೇರಿಸುತ್ತೇನೆ. ಏಳು ಗಂಟೆಯಾಯಿತು. ಆದರೆ ಇದು ಗಾಳಿ ಇಲ್ಲದ ಆಕಾಶದ ಲೆಕ್ಕ, ಅಂಥ ಆಕಾಶ ಎಲ್ಲಿದೆ? ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್, ಅಂದರೆ ತುಂಬಾ ಎತ್ತರದ ಜೋರು ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದಕ್ಕೇ ನ್ಯೂಯಾರ್ಕ್‌ಗೆ ಹೋಗುವಾಗ ಸುಮಾರು ಎಂಟು ಗಂಟೆ, ಲಂಡನ್‌ಗೆ ಬರುವಾಗ ಏಳರ ಆಸುಪಾಸು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲೇ ತಲುಪಿತ್ತು! ಆದ್ದರಿಂದ ನನ್ನ ಶೀಟಿನಲ್ಲಿ ದೂರಕ್ಕೆ ಒಂದು ಕಾಲಂ, ಸಮಯಕ್ಕೆ ಎರಡು.

ಗಾಳಿಗಿಂತ ಜಾಸ್ತಿ ಕಾಡುವುದು ಮುಚ್ಚಿದ ವಾಯುಪ್ರದೇಶ. ಹೆಲ್ಸಿಂಕಿಯಿಂದ ಟೋಕಿಯೊಗೆ ಮೊದಲು ಒಂಬತ್ತೂವರೆ ಗಂಟೆ ಸಾಕಿತ್ತು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಲೆಂಡ್‌ನ ವಿಮಾನ ಸಂಸ್ಥೆ ಫಿನ್‌ಏರ್ ಸುತ್ತಿ ಹೋಗಬೇಕಾಯಿತು, ಸುಮಾರು ಹದಿಮೂರು ಗಂಟೆ. ಸೂತ್ರ ಮಾತ್ರ ಇವತ್ತಿಗೂ ಹಳೆಯ ದೂರವನ್ನೇ ಹೇಳುತ್ತದೆ. ಇಂಥ ಮಾರ್ಗಗಳಿಗೆ ನಾನು ಸೂತ್ರವನ್ನು ಬಿಟ್ಟು ವೇಳಾಪಟ್ಟಿಯನ್ನೇ ನಂಬುತ್ತೇನೆ.

ವೇಳಾಪಟ್ಟಿಯಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ, ಸುಮ್ನೆ ಕಳೆದರೆ ಆಗದು. ಲಂಡನ್, ನ್ಯೂಯಾರ್ಕ್ ನಡುವೆ ಸಾಮಾನ್ಯವಾಗಿ ಐದು ಗಂಟೆ ಅಂತರ. ಆದರೆ ಬೇಸಿಗೆ ಸಮಯಕ್ಕೆ (ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು) ಅಮೆರಿಕ ಮೊದಲು ಬದಲಾಗುತ್ತದೆ, ಬ್ರಿಟನ್ ಆಮೇಲೆ. ಹಾಗಾಗಿ ಮಾರ್ಚ್‌ನಲ್ಲಿ ಕೆಲವು ವಾರ ಅಂತರ ನಾಲ್ಕೇ ಗಂಟೆ. ಎರಡೂ ಸಮಯವನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯಕ್ಕೆ, ತಂದುಕೊಂಡೇ ನಾನು ಕಳೆಯುವುದು.