ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಗಂಟೆ ಎಷ್ಟು, ಲೆಕ್ಕ ಹಾಕುವುದು ಹೇಗೆ

ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಚಪ್ಪಟೆ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ಭೂಮಿಯ ಮೇಲೆ ಸುತ್ತುದಾರಿ. ಗ್ಲೋಬ್ ಸಿಕ್ಕರೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ನೇಪಾಳ, ಟಿಬೆಟ್, ಸೈಬೀರಿಯಾ, ಅಲಾಸ್ಕಾ ದಾಟಿ ಇಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ. ಭೂಮಿಯ ಕೇಂದ್ರದಿಂದ ನೋಡಿದರೆ ಈ ಎರಡು ನಿಲ್ದಾಣಗಳ ನಡುವಿನ ಕೋನ 125.8 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ನಂತೆ ಗುಣಿಸಿದರೆ ಸುಮಾರು 13,990 ಕಿ.ಮೀ.

ವಿಮಾನ ಮಾತ್ರ ಈ ಗೆರೆಯ ಮೇಲೇ ಹೋಗುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ, ಎಲ್ಲರೂ ಉಸಿರಾಡುವಂತಾಗಲು ಪೈಲಟ್ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಜೊತೆಗೆ ಗಾಳಿ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 150 ಕಿ.ಮೀ. ದಾಟುವುದು ಮಾಮೂಲು. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ, ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. 2021ರ ಜನವರಿಯಲ್ಲಿ ಈ ಮಾರ್ಗದಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದಿತ್ತು.

ಗಂಟೆಯ ಅಂದಾಜಿಗೆ ದೂರವನ್ನು 880ರಿಂದ (ವಿಮಾನದ ವೇಗ, ಗಂಟೆಗೆ ಕಿ.ಮೀ.ಗಳಲ್ಲಿ) ಭಾಗಿಸಿ, ಪ್ರತಿ ಹಾರಾಟಕ್ಕೂ ಅರ್ಧ ಗಂಟೆ ಸೇರಿಸಿ (ರನ್‌ವೇವರೆಗಿನ ಓಟ, ಏರುವುದು, ಇಳಿಯುವುದು). ಇಲ್ಲಿ ಬರುವ ಉತ್ತರ ಸುಮಾರು ಹದಿನಾರೂವರೆ ಗಂಟೆ. ಗಾಳಿಯಿಂದ ಒಂದು ಗಂಟೆ ಆಚೀಚೆ ಆಗುತ್ತದೆ.

ಎಲ್ಲರೂ ಎಡವುವುದು ಟಿಕೆಟ್ ಓದುವಾಗ. ಅದರಲ್ಲಿರುವುದು ಆಯಾ ಊರಿನ ಗಡಿಯಾರ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಮುಟ್ಟುತ್ತದೆ ಎಂದಿದ್ದರೆ ಮೂರು ಗಂಟೆಯ ಪ್ರಯಾಣ ಅಲ್ಲವಲ್ಲ! ಮುಟ್ಟುವ ಹೊತ್ತನ್ನು ಭಾರತದ ಸಮಯಕ್ಕೆ ತಿರುಗಿಸಿ: ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಕೂಡಿದರೆ ಮರುದಿನ ಬೆಳಿಗ್ಗೆ 6.30. ಅಂದರೆ 16 ಗಂಟೆ 30 ನಿಮಿಷ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ 12 ಗಂಟೆ 30 ನಿಮಿಷ ಮಾತ್ರ ಕೂಡಬೇಕು. ಮರಳುವಾಗ ಶುಕ್ರವಾರ ರಾತ್ರಿ ಹತ್ತಿದರೆ ಇಳಿಯುವುದು ಭಾನುವಾರ. ಕರೆತರಲು ಬರುವವರಿಗೆ ವಾರವಲ್ಲ, ತಾರೀಖು ಹೇಳಿ.

ನಡುವೆ ವಿಮಾನ ಬದಲಿಸುವುದಾದರೆ ದುಬೈ ಮೂಲಕ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,770. ಇವುಗಳ ನಡುವಿನ ವ್ಯತ್ಯಾಸ ಹೆಚ್ಚೆಂದರೆ ಒಂದೂಕಾಲು ಗಂಟೆಯ ಹಾರಾಟ, ಅಷ್ಟೆ. ಒಟ್ಟು ಪ್ರಯಾಣ 22 ಗಂಟೆಯೋ 30 ಗಂಟೆಯೋ ಎಂದು ನಿರ್ಧರಿಸುವುದು ನಡುವಿನ ಕಾಯುವಿಕೆ. ಹಾಗಾಗಿ ಮೊದಲು ನೋಡಬೇಕಾದ್ದು ಅದನ್ನೇ. ಆದರೆ ಒಂದೂವರೆ ಗಂಟೆಗಿಂತ ಕಡಿಮೆ ಇರುವ ಬದಲಾವಣೆ, ಒಂದೇ ಟಿಕೆಟ್ ಆದರೂ, ಬೇಡ. ಬೇರೆ ಬೇರೆ ಟಿಕೆಟ್ ಕೊಂಡಿದ್ದರಂತೂ ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ. ಲಗೇಜ್ ಇಳಿಸಿಕೊಂಡು ಮತ್ತೆ ಕೊಡಬೇಕಾದರೆ ಆ ದೇಶದ ವೀಸಾ ಕೂಡ ಬೇಕಾಗಬಹುದು. ಅಮೆರಿಕದೊಳಗೇ ವಿಮಾನ ಬದಲಿಸುವವರಿಗೆ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮತ್ತು ಕಸ್ಟಮ್ಸ್. ಮೂರು ಗಂಟೆ ಇಟ್ಟುಕೊಳ್ಳಿ. ಅಬುಧಾಬಿ ಮೂಲಕ ಹೋದರೆ ಅಮೆರಿಕದ ಆ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ, ಆದ್ದರಿಂದ ಹೆಚ್ಚಿನ ಹೊತ್ತು ಬೇಕಾಗುವುದು ಅಲ್ಲಿ.