ಕಾಂಪೊಸಿಟ್ ವಿಮಾನದ ಮೈಗೆ ತೇಪೆ: ಅಂಟಿಸುವ ಮೊದಲು ಒಣಗಿಸಿ

ಕಾಂಪೊಸಿಟ್ ಎಂದರೆ ನಾರಿನ ಪದರಗಳನ್ನು ರಾಳದಿಂದ (ಗಟ್ಟಿಯಾಗುವ ಅಂಟಿನಿಂದ) ಬೆಸೆದ ವಸ್ತು. ಕಾರ್ಬನ್ ನಾರಿನ ಇಂಥ ಮೈಗೆ ಪೆಟ್ಟು ಬಿದ್ದರೆ ಲೋಹದ ಹಾಗೆ ತಗ್ಗು ಬೀಳಲೇಬೇಕೆಂದಿಲ್ಲ. ಹೊರಗೆ ಬಣ್ಣ ತುಸು ಕಿತ್ತಿರುತ್ತದೆ, ಒಳಗೆ ಪದರಗಳೇ ಬಿಟ್ಟುಕೊಂಡಿರುತ್ತವೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಬಿಟ್ಟ ಜಾಗದ ಸದ್ದು ಮಂಕು. ಅದರ ಅಂಚನ್ನು ಗುರುತು ಮಾಡಿ. ದಪ್ಪ ಲ್ಯಾಮಿನೇಟಿನ (ಬೆಸೆದ ಪದರಗಳ ಹಲಗೆಯ) ಆಳದ ಹಾನಿ ಸದ್ದಿಗೆ ಸಿಗುವುದಿಲ್ಲ, ಅಲ್ಟ್ರಾಸಾನಿಕ್ ಪರೀಕ್ಷೆಯೇ ಬೇಕು. ಹಾನಿಯ ಅಳತೆ ಆ ವಿಮಾನದ ರಿಪೇರಿ ಮ್ಯಾನುಯಲ್ಲಿನ ಮಿತಿ ಮೀರಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ತಯಾರಕರನ್ನು ಕೇಳಿ. ಇಲ್ಲಿನ ಅಂಕಿಗಳು ರೂಢಿಯವು. ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ.

ಕೆಟ್ಟ ಪದರಗಳನ್ನು ದುಂಡಗೆ ಉಜ್ಜಿ ತೆಗೆಯಿರಿ. ಚೂಪು ಮೂಲೆ ಉಳಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಸುತ್ತಲೂ ಒಂದೊಂದು ಪದರಕ್ಕೆ ಸುಮಾರು 12 ಮಿ.ಮೀ.ನಂತೆ ಇಳಿಜಾರು ಕೊಡಿ. ಕಾರ್ಬನ್ ಧೂಳಿನಲ್ಲಿ ವಿದ್ಯುತ್ ಹರಿಯುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಉಜ್ಜುವಾಗಲೇ ವ್ಯಾಕ್ಯೂಮ್ ಕ್ಲೀನರಿನಿಂದ ಧೂಳನ್ನು ಹೀರಿಸಿ, ವೈರಿಂಗ್ ಕಡೆ ಹೋಗಗೊಡಬೇಡಿ.

ಇನ್ನು ಒಣಗಿಸುವುದು. ಅವಸರದಲ್ಲಿ ಬಿಟ್ಟುಹೋಗುವ ಹಂತ ಇದು, ತೇಪೆ ಕೆಡುವುದೂ ಹೆಚ್ಚಾಗಿ ಇದರಿಂದಲೇ. ರಾಳ ತೇವ ಹೀರುತ್ತದೆ; ಹೊರಪದರದ ಕೆಳಗೆ ಹನಿಕೂಂಬ್ (ಜೇನುಗೂಡಿನಂಥ ಹಗುರ ತಿರುಳು) ಇದ್ದರೆ ಅದರ ಗೂಡುಗಳಲ್ಲಿ ನೀರೇ ನಿಂತಿರಬಹುದು. ಮುಂದೆ ಕಾಯಿಸಿದಾಗ ಅದು ಆವಿಯಾಗಿ ಅಂಟಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಒತ್ತಡ ಹೆಚ್ಚಾದರೆ ಚೆನ್ನಾಗಿದ್ದ ಹೊರಪದರವನ್ನೂ ಹನಿಕೂಂಬಿನಿಂದ ಕಿತ್ತುಬಿಡುತ್ತದೆ. ಆದ್ದರಿಂದ ನಿರ್ವಾತದಡಿ (ಗಾಳಿ ಹೀರಿ ತೆಗೆದ ಬ್ಯಾಗಿನಡಿ) ನಿಧಾನವಾಗಿ 65–80 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಗಂಟೆಗಟ್ಟಲೆ ಅಲ್ಲೇ ಹಿಡಿಯಿರಿ. ದಪ್ಪ ಭಾಗಕ್ಕೆ ಇಡೀ ದಿನ ಹಿಡಿದರೂ ಹಿಡಿಯಲಿ.

ಆಮೇಲೆ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ತಾನಾಗಿ ಆರಲು ಬಿಟ್ಟರೆ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ.

ಎಪಾಕ್ಸಿಯ ಎರಡು ಭಾಗಗಳನ್ನು (ರಾಳ, ಅದನ್ನು ಗಟ್ಟಿ ಮಾಡುವ ಹಾರ್ಡನರ್) ತಕ್ಕಡಿಯಲ್ಲಿ ತೂಗಿಯೇ ಬೆರೆಸಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ ಬಲ ಕುಗ್ಗುತ್ತದೆ. ಬೆರೆಸಿದ್ದನ್ನು ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ತನ್ನ ಕಾವಿಗೆ ತಾನೇ ಕುದಿಯುತ್ತದೆ. ಅದರಲ್ಲಿ ನೆನೆಸಿ ಕೂರಿಸುವ ಹೊಸ ಪದರಗಳ ನಾರಿನ ದಿಕ್ಕು (0, 45, 90 ಡಿಗ್ರಿ) ಕೆಳಗಿನ ಹಳೆಯ ಪದರಕ್ಕೆ ಕೂಡಬೇಕು.

ತೇಪೆಯ ಮೇಲೆ ಕ್ರಮವಾಗಿ ಪೀಲ್ ಪ್ಲೈ (ಆಮೇಲೆ ಕಿತ್ತು ತೆಗೆಯುವ ಬಟ್ಟೆ), ರಂಧ್ರವಿರುವ ರಿಲೀಸ್ ಫಿಲ್ಮ್ (ಅಂಟಿಕೊಳ್ಳದ ಹಾಳೆ), ರಾಳ ಹೀರುವ ಬ್ಲೀಡರ್, ರಂಧ್ರವಿಲ್ಲದ ಫಿಲ್ಮ್, ಕಾಯಿಸುವ ಹೀಟ್ ಬ್ಲಾಂಕೆಟ್, ಗಾಳಿ ಹರಿಯಗೊಡುವ ಬ್ರೀದರ್, ಕೊನೆಗೆ ಗಾಳಿಯಾಡದ ಬ್ಯಾಗ್. ಬ್ಲಾಂಕೆಟ್ ತೇಪೆಗಿಂತ ಎಲ್ಲ ಕಡೆ 5 ಸೆಂ.ಮೀ. ಹೊರಗಿರಲಿ. ನಿರ್ವಾತ ಪಾದರಸದ 22 ಇಂಚಿಗೆ (ಇದು ಒತ್ತಡದ ಅಳತೆ) ಕಡಿಮೆಯಾಗಬಾರದು. ಪಂಪ್ ಬಿಡಿಸಿ 5 ನಿಮಿಷ ಮೀಟರ್ ನೋಡಿ. ಮುಳ್ಳು ಇಳಿಯುತ್ತ ಹೋದರೆ ಸೋರುವ ಜಾಗ ಹುಡುಕಿ.

ಅಂಚಿನ ಸುತ್ತ ಹಲವು ಥರ್ಮೋಕಪಲ್ (ಕಾವು ಅಳೆಯುವ ತಂತಿ) ಇಡಿ. ಮೈಯ ಹಿಂಬದಿಗೆ ಪಕ್ಕೆಲುಬಿನಂಥ ಆಧಾರವಿದ್ದ ಕಡೆ ಅದು ಕಾವನ್ನು ಎಳೆದುಕೊಳ್ಳುವುದರಿಂದ ಆ ಜಾಗ ತಣ್ಣಗೇ ಉಳಿಯುತ್ತದೆ. ಹಾಗಾಗಿ ಕ್ಯೂರ್ (ಅಂಟು ಗಟ್ಟಿಯಾಗುವ) ಸಮಯವನ್ನು ಎಲ್ಲಕ್ಕಿಂತ ತಣ್ಣಗಿರುವ ಥರ್ಮೋಕಪಲ್ ನಿಗದಿತ ಕಾವು ಮುಟ್ಟಿದ ಮೇಲೆ ಎಣಿಸಿ. ಗರಿಷ್ಠ ಮಿತಿಗೆ ಅತಿ ಬಿಸಿಯದನ್ನು ನೋಡಿ. ಏರಿಕೆ ನಿಮಿಷಕ್ಕೆ 1–3 ಡಿಗ್ರಿ. ತಣ್ಣಗಾಗುವವರೆಗೂ ನಿರ್ವಾತ ಬಿಡಬೇಡಿ.

ಬ್ಯಾಗ್ ಬಿಚ್ಚಿ, ಮತ್ತೆ ತಟ್ಟಿ ನೋಡಿ. ಮೂಲದಲ್ಲಿ ಸಿಡಿಲು ತಡೆಯುವ ಲೋಹದ ಜಾಲರಿ ಇದ್ದಲ್ಲಿ ಹೊಸ ಜಾಲರಿ ಹಳೆಯದಕ್ಕೆ ವಿದ್ಯುತ್ ಸಂಪರ್ಕದಲ್ಲಿದೆಯೇ ಎಂದು ಅಳೆದ ಮೇಲೆಯೇ ಬಣ್ಣ ಬಳಿಯಿರಿ.